ಹೆಂಚಿಗೇರಿದ ಹೀರೆಬಳ್ಳಿ

ಹೀರೆ ಎಲೆ ಮುರಿದಾಗ ಬರುವ ಹಸಿ ವಾಸನೆ ಇವತ್ತಿಗೂ ನನ್ನನ್ನು ಗೋವಾದ ಚಿಂಬಲ್‌ನ ಆ ಮಧ್ಯಾಹ್ನಕ್ಕೆ ಒಯ್ಯುತ್ತದೆ. ನಮ್ಮ ಬಾಡಿಗೆ ಖೋಲಿಯ ಹಿಂದೆ ಅವ್ವ ಹಚ್ಚಿದ್ದ ಬಳ್ಳಿ ನಾವು ‘ಬಾಯಿ’ ಎಂದು ಕರೆಯುತ್ತಿದ್ದ ಮಾಲಕಿಯ ಮನೆಯ ಹೆಂಚಿಗೆ ಏರಿತ್ತು. ಅಪ್ಪ ಕಟ್ಟಡದ ಕೆಲಸಕ್ಕೆ ಹೋಗಿದ್ದಾಗ ಬಾಯಿ ಕುಡಗೋಲು ಹಿಡಿದು ಬಂದರು.

“ಹೆಂಚು ಸರಿದದೆ. ಬಳ್ಳಿ ಕಡಿ, ಇಲ್ಲ ಖೋಲಿ ಬಿಡು,” ಎಂದರು ಹರಕು ಕನ್ನಡದಲ್ಲಿ.

“ತಡೀರಿ ಬಾಯಿ, ಈಗಷ್ಟ ಮಿಡಿ ಹಿಡದಾವ. ನಾನ ಬಿಡಸ್ತೇನ್ರಿ,” ಎಂದು ಅವ್ವ ಏಣಿ ಹತ್ತಿದಳು.

ಹೆಂಚಿನ ಸಂದಿಗೆ ಬಿಗಿಯಾಗಿ ಸುತ್ತಿಕೊಂಡ ಸುರುಳಿಗಳನ್ನು ಉಗುರಿನಿಂದ ಒಂದೊಂದಾಗಿ ಬಿಚ್ಚಿದಳು. ನಾನು ಏಣಿ ಅದುಮಿ ಹಿಡಿದಿದ್ದೆ. ಒಂದು ಹೆಂಚು ಕರಕ್ಕೆಂದಿತು. ಬಾಯಿ ಕತ್ತೆತ್ತಿ ನೋಡುತ್ತ ನಿಂತರು.

ಕೊನೆಗೆ ಬಳ್ಳಿ ಮುರಿಯದೆ ಇಳಿಯಿತು. ಅದನ್ನು ತೋಳಿನ ಮೇಲೆ ಹೊತ್ತುಕೊಂಡೇ ಅವ್ವ, “ಹಂದರ ಎಲ್ಲಿ ಹಾಕಲ್ರಿ?” ಎಂದು ಕೇಳಿದಳು.

ಬಾಯಿ ಕುಡಗೋಲಿನಿಂದಲೇ ತಮ್ಮ ಬಾವಿಯ ಪಕ್ಕದ ಜಾಗ ತೋರಿಸಿದರು. ಅವ್ವ ಬಳ್ಳಿಯ ತುದಿಯನ್ನು ಮೆಲ್ಲಗೆ ಅತ್ತ ತಿರುಗಿಸಿದಳು.