ಹಗ್ಗದೊಳಗಿನ ದಂಡು

ಸೀಟಿ ಊದಿದ್ದೇ ತಡ, ಅಗಸೂರಿನ ರಾಮಾನ ಸೊಂಟಕ್ಕೆ ಕೆಂಡ ಸುರಿದಂತಾಯಿತು. ಹಗ್ಗಜಗ್ಗಾಟದಲ್ಲಿ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಕಟ್ಟಕಡೆಗೆ ನಿಲ್ಲುವವನು ಅವನು. ಅವನು ಹಿಮ್ಮಡಿ ಊರಿದರೆ ಕೈಗಾಕ್ಕೆ ಹೋಗುವ ಬಸ್ಸು ಜನರ ಸಮೇತ ಹಿಂದಕ್ಕೆ ಬರುತ್ತದೆಂದು ಅಗಸೂರಿನ ಎಳೆಗೂಸಿಗೂ ಗೊತ್ತು. ಗೊತ್ತಿಲ್ಲದವರಿಗೆ ಅವನೇ ಹೇಳಿದ್ದಾನೆ. ಆದರೂ ಬೆಳಂಬಾರದ ಮೀನುಗಾರರಿಗೆ ಎರಡು ವರ್ಷ ಸೋತು, "ಈ ಸಲವೂ ಸೋತ್ರೆ ಮೀಸೆ ಬೋಳಿಸ್ತೆ" ಎಂದು ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಆಣೆ ಹಾಕಿದ್ದ. ಅಂಥಿಂಥ ಮೀಸೆಯೇ ಅದು? ಎರಡು ಗುಬ್ಬಿ ಸಂಸಾರ ಹೂಡಬಹುದಾದ ಮೀಸೆ.

ಉರಿ ಸೊಂಟದಿಂದ ಬೆನ್ನಿಗೆ ಹತ್ತಿ ಬಗಲಿಗೆ ಇಳಿಯಿತು. ರಾಮಾ ಹಗ್ಗ ಬಿಟ್ಟು ಕುಣಿದ ಕುಣಿತಕ್ಕೆ ಎದ್ದ ಧೂಳು ಕಾರವಾರದವರೆಗೆ ಹೋಯಿತಂತೆ. ಅವನ ಕಡೆಯವರೂ ಹಗ್ಗ ಬಿಟ್ಟರು. ಎದುರು ಎಳೆಯುತ್ತಿದ್ದ ಬೆಳಂಬಾರದವರು ಬುಟ್ಟಿ ಮಗುಚಿದ ಬಂಗಡೆ ಮೀನಿನಂತೆ ಒಬ್ಬರ ಮೇಲೊಬ್ಬರು ಬಿದ್ದು, ಗೆದ್ದರು. ಹಗ್ಗದ ಹುರಿಯಿಂದ ಕೆಂಪು ಚಗಳಿ ಇರುವೆಗಳ ದಂಡು ಹೊರಟಿತ್ತು.

"ಮೋಸ!" ರಾಮಾ ಅರಚಿದ. "ಹೋದ ವರ್ಷ ಹಗ್ಗಕ್ಕೆ ಎಣ್ಣೆ, ಈ ವರ್ಷ ಚಗಳಿ! ಎಲ್ಲಾ ನಿಂದೇ ಕೆಲಸ, ಕಾಶಿ!"

ಹಗ್ಗ ಬೆಳಂಬಾರದ ದೋಣಿಯದೇ. ಆದರೆ ಹಿಂದಿನ ಸಂಜೆಯೇ ಅದನ್ನು ಎದುರಾಳಿಗೆ ಒಪ್ಪಿಸುವುದು ಎರಡೂ ಊರಿನ ಪದ್ಧತಿ. ಬೆಳಂಬಾರದ ಮುಂದಾಳು ಕಾಶಿ ಧೂಳು ಕೊಡವಿಕೊಂಡು ಎದ್ದ.

"ನಿನ್ನೆಯಿಂದ ಹಗ್ಗ ಯಾರ ಹತ್ರ ಇತ್ತೋ?"

"ನನ್ನ ಹತ್ರ. ನಿಮ್ಮ ಕೈಗೆ ಸಿಗದ ಹಾಗೆ ಇಟ್ಟಿದ್ದೆ."

"ಎಲ್ಲಿ?"

"ಅದನ್ನ ಹೇಳುದಿಲ್ಲ. ಬರೂ ವರ್ಷವೂ ಅಲ್ಲೇ ಇಡೂದು."

ಮನೆಯೊಳಗಿಡೋಣವೆಂದರೆ ಹೆಂಡತಿ ಮಂದಾಕಿನಿಯ ತವರು ಬೆಳಂಬಾರ. ಕೊಟ್ಟಿಗೆಯಲ್ಲಿಡೋಣವೆಂದರೆ ಎಮ್ಮೆಯೂ ಅವಳ ತವರಿನದೇ. ಯಾರನ್ನು ನಂಬುವುದು?

ಕಾಶಿ ಹಗ್ಗದ ತುದಿಯನ್ನು ಎತ್ತಿ ಹಿಡಿದ. ಹುರಿಗೆ ಅಂಟಿಕೊಂಡು, ದರ್ಜಿ ಹೊಲಿದಂತೆ ಮಡಚಿದ ಹಸಿರು ಮಾವಿನೆಲೆಯ ಗೂಡು. ಹಗ್ಗದ ಮೀನುವಾಸನೆಗೆ ಚಗಳಿಗಳು ಕುಲಸಮೇತ ಒಕ್ಕಲು ಬಂದಿದ್ದವು.

"ನಮ್ಮ ದೋಣಿಲಿ ಮಾವಿನಮರ ಇಲ್ಲ ಮಾರಾಯಾ."

ಹೆಂಗಸರ ಗುಂಪಿನಿಂದ ಮಂದಾಕಿನಿಯ ದನಿ ಬಂತು. "ಅದಕ್ಕೇ ಏನ್ರೀ ನಿನ್ನೆ ಏಣಿ ಹುಡುಕಿದ್ದು?"

ಮೈದಾನಕ್ಕೆ ಮೈದಾನವೇ ನಕ್ಕಿತು. "ಕ್ಷೌರದ ಸುಬ್ಬನ್ನ ಕರೀರಾ!" ಎಂದು ಯಾರೋ ಕೂಗಿದರು. ರಾಮಾ ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡ. ಕಾಶಿ ಹತ್ತಿರ ಬಂದು, ಕೈ ಸರಿಸಿ, ಬಲೆಯ ತೂತು ನೋಡುವವನಂತೆ ಮೀಸೆಯನ್ನು ನೋಡಿದ.

"ಇರ್ಲಿ ಬಿಡಾ. ಬೋಳಿಸೂದು ಬೇಡ. ಪಾಪ, ಒಳಗೆ ಜನ ಇದ್ದಾರೆ."

ಹೆಗಲು ತಟ್ಟಿ ಹೊರಟೇಹೋದ. ರಾಮಾ ಅವನ ಬೆನ್ನನ್ನೇ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಹೆಂಡತಿಯ ಕಿವಿಯ ಹತ್ತಿರ ಬಾಗಿದ.

"ಇಷ್ಟು ಸಲೀಸಾಗಿ ಬಿಟ್ಟನಲ್ಲೇ... ಇದ್ರಲ್ಲಿ ಎಂತದೋ ಇದೆ."

ಇನ್ನೂ ಹೇಳಲು ತೆರೆದ ಬಾಯಿಗೆ ಮೀಸೆಯಿಂದ ಒಂದು ಚಗಳಿ ಇಳಿಯಿತು.