ಮುರಿಯದ ರೊಟ್ಟಿ

ರೊಟ್ಟಿ ಮುರಿಯಲಿಲ್ಲ.

ಸಂಬಂಧ ಕುದುರಿಸುವ ಸಲ್ತನತ್ ಅದನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದಳು, ಮೊಣಕಾಲಿಗೆ ಒತ್ತಿದಳು, ಹಲ್ಲು ಕಚ್ಚಿ ಜಗ್ಗಿದಳು. ಜರಫ್ಶಾನ್ ಹೊಳೆಯ ಆಚೆ ಈಚೆ ಅವಳು ಮುರಿಯದ ರೊಟ್ಟಿಯಿಲ್ಲ, ಕೂಡಿಸದ ಜೋಡಿಯಿಲ್ಲ. ಹೆಣ್ಣಿನ ಮನೆಯ ರೊಟ್ಟಿ ಅವಳ ಕೈಯಲ್ಲಿ ಎರಡಾಯಿತೆಂದರೆ ಮಾತು ಮುಗಿಯಿತು, ಹುಡುಗಿ ಗಂಡಿನ ಮನೆಯವಳು. ರಜೆಗೆ ಮನೆಗೆ ಬಂದಿದ್ದ ಹದಿನಾರರ ಮವ್ಜುನಾ ಬಾಗಿಲ ಹಿಂದೆ ಚಹದ ಕೆಟಲ್ ಹಿಡಿದು ಕಿವಿಗೊಟ್ಟು ನಿಂತಿದ್ದಳು. ರೊಟ್ಟಿ ಮುರಿದರೆ, ಸೋಮವಾರ ಪೇಟೆಯ ಹೆಣ್ಣುಮಕ್ಕಳ ಉಚಿತ ಶಾಲೆಗೆ ಹೊರಡುವ ವ್ಯಾನಿನಲ್ಲಿ ಅವಳಿರುವುದಿಲ್ಲ. ಹೆಣ್ಣು ಕೇಳಿ ಕಳಿಸಿದ್ದು ಕಟುಕನ ಮನೆಯವರು; ಅವರ ಸೊಸೆಗೆ ಶಾಲೆಯೇಕೆ?

“ಇದೇನು ಹಮ್ರಕ್ಕ, ರೊಟ್ಟಿನೋ ಬೀಸೋ ಕಲ್ಲೋ?” ಎಂದಳು ಸಲ್ತನತ್.

ಮೂಲೆಯಲ್ಲಿ ಜಪಮಣಿ ಎಣಿಸುತ್ತಿದ್ದ ಮವ್ಜುನಾಳ ಅಜ್ಜಿ ಹಮ್ರಾ ಕಣ್ಣು ತೆರೆಯಲೂ ಇಲ್ಲ. “ನಾನೇ ಸುಟ್ಟಿದ್ದು ಕಣಮ್ಮ. ನಿನ್ನ ರಟ್ಟೇಲಿ ಮೊದಲಿನ ಕಸುವಿಲ್ಲ ಅನ್ನು.”

“ಕೊಡಿ ಇಲ್ಲಿ,” ಎಂದ ಅಪ್ಪ ಸಫರ್. ಟಗರನ್ನು ಕೊಂಬು ಹಿಡಿದು ಕೆಡವುವ ಆಳು. ಅವನ ಮುಖ ಕೆಂಪಾಯಿತೇ ಹೊರತು ರೊಟ್ಟಿಗೇನೂ ಆಗಲಿಲ್ಲ. “ಮವ್ಜುನಾ, ಚಾಕು ತಾರೇ!”

“ಥೂ, ರೊಟ್ಟಿಗೆ ಚಾಕು ಹಾಕ್ತಾರೇನೋ? ಮನೆ ಉದ್ಧಾರ ಆಗುತ್ತಾ?” ಎಂದಳು ಅಜ್ಜಿ.

“ಹಂಗಾದ್ರೆ ಪಕ್ಕದ ಮನೆಯಿಂದ ಬೇರೆ ರೊಟ್ಟಿ ತರ್ತೀನಿ.”

“ತಾ, ತಾ. ಆಮೇಲೆ ಅವರ ಮಗಳನ್ನೇ ಮದುವೆ ಮಾಡಿ ಕಳಿಸು.”

“ಓದಿ ಏನು ಕಡಿದು ಗುಡ್ಡೆ ಹಾಕಿದ್ಲಮ್ಮ ಇವಳು?” ಸಫರ್ ರೇಗಿದ.

“ನಿನ್ನ ಕುರಿಗಳನ್ನ ಕೇಳು! ಚಳಿಗಾಲ ಪೂರ್ತಿ ಬಿಪಿ ಮಾತ್ರೆ ಅಂತ ನೀನು ನನಗೆ ನುಂಗಿಸಿದ್ದು ಕುರಿಗಳ ಜಂತುಹುಳದ ಮಾತ್ರೆ. ಡಬ್ಬಿ ಮೇಲಿನ ಇಂಗ್ಲಿಷ್ ಓದಿ ಹೇಳಿದ್ದು ಯಾರು? ಅವಳಿಲ್ಲದಿದ್ರೆ ಇಷ್ಟೊತ್ತಿಗೆ ನಾನು ಬ್ಯಾ ಅಂತಿದ್ದೆ.”

ಸಲ್ತನತ್‌ಗೆ ನಗು ತಡೆಯಲಾಗಲಿಲ್ಲ. ಸಫರ್ ಬೂಟು ಮೆಟ್ಟಿಕೊಂಡು ದುಮುದುಮು ಅನ್ನುತ್ತ ಅಂಗಳಕ್ಕೆ ಹೋದ.

ಸಲ್ತನತ್ ಅಜ್ಜಿಯ ಹತ್ತಿರ ಸರಿದಳು. “ನಿಜ ಹೇಳು ಹಮ್ರಕ್ಕ, ಏನು ಮಾಡಿದೆ ಇದಕ್ಕೆ?”

“ಹಿಟ್ಟಿಗೆ ಹುಳಿ ಹಾಕಿ ಉಬ್ಬಿಸಲಿಲ್ಲ. ದಪ್ಪಗೆ ತಟ್ಟಿ ಎರಡು ಸಲ ಸುಟ್ಟೆ. ಆಮೇಲೆ ಮಾಳಿಗೆ ಮೇಲೆ ವಾರಪೂರ್ತಿ ಒಣಗಿಸಿದೆ.” ಅಜ್ಜಿಯ ದನಿ ಸಣ್ಣದಾಯಿತು. “ನನ್ನ ರೊಟ್ಟಿ ಬಲು ಮೆತ್ತಗಿತ್ತು ಕಣೇ. ಮುಟ್ಟಿದ್ದೇ ತಡ, ಮುರಿದೇ ಹೋಯ್ತು. ಇವಳದೇ ವಯಸ್ಸು ಆಗ ನಂದು. ಟೀಚರ್ ಆಗ್ತೀನಿ ಅಂತ ಕುಣೀತಿದ್ದೆ. ಹೊಟ್ಟೆ ಇನ್ನೂ ಉರಿಯುತ್ತೆ.”

ಸಲ್ತನತ್ ಎದ್ದು ರಂಪ ಮಾಡುತ್ತಾಳೆಂದು ಮವ್ಜುನಾ ಹೆದರಿದಳು. ಆದರೆ ಸಲ್ತನತ್ ಬಟ್ಟಲಲ್ಲಿದ್ದ ಚಹ ಮುಗಿಸಿದಳು. ಬಟ್ಟಲು ಕೆಳಗಿಟ್ಟು ಕೇಳಿದಳು: “ಆ ಶಾಲೇಲಿ ನಿಜವಾಗ್ಲೂ ದುಡ್ಡು ಕೇಳಲ್ವಾ? ಊಟಕ್ಕೂ?”

“ಊಟ, ಪುಸ್ತಕ, ಬೂಟು, ಹಾಸಿಗೆ, ಎಲ್ಲಾ ಬಿಟ್ಟಿ ದೊಡ್ಡಮ್ಮ!” ಎಂದಳು ಮವ್ಜುನಾ ಬಾಗಿಲಿಂದಲೇ.

ಸಲ್ತನತ್ ಅಂಗಳಕ್ಕೆ ಕೇಳುವಂತೆ ಗಟ್ಟಿಯಾಗಿ ಕೂಗಿದಳು: “ರೊಟ್ಟಿನೇ ಒಪ್ಪಲಿಲ್ಲ ಅಂದ್ಮೇಲೆ ನಾನೇನು ಮಾಡ್ಲಪ್ಪಾ ಸಫರ್? ಈ ಸಂಬಂಧ ಬಿಟ್ಟುಬಿಡು!”

ಆಮೇಲೆ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು, ತಲೆವಸ್ತ್ರದಲ್ಲಿ ಗಂಟು ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡಳು.

“ಅದ್ಯಾಕೆ ನಿನಗೆ?” ಎಂದಳು ಅಜ್ಜಿ.

“ಶುಕ್ರವಾರ ನನ್ನ ಮೊಮ್ಮಗಳನ್ನ ಕೇಳೋಕೆ ಬರ್ತಿದಾರೆ.”