ವೈರಸ್ಸಿನ ಪಾತ್ರಧಾರಿ

ಹೊಸ ವೈರಸ್ಸಿನ ಬಗ್ಗೆ ಜನರಿಗೆ ತಿಳಿವಳಿಕೆ ನೀಡುವ ಬೀದಿನಾಟಕ ತಾಲ್ಲೂಕು ಕಚೇರಿಯ ಮುಂದೆ ನಡೆಯಬೇಕಿತ್ತು. ವೈರಸ್ಸಿನ ಪಾತ್ರ ಯಮನೂರಪ್ಪನದು. ಬೆಳಿಗ್ಗೆಯಿಂದಲೇ ಅವನಿಗೆ ಕೆಮ್ಮು ನಿಂತಿರಲಿಲ್ಲ.

"ಅಣ್ಣಾ, ಮೈ ಕೆಂಡ ಆಗೈತಿ. ನಾ ಮನಿಗೆ ಹೋಗ್ತೀನಿ," ಎಂದು ತಂಡದ ಮುಖ್ಯಸ್ಥ ದ್ಯಾಮಣ್ಣನಲ್ಲಿ ಅಂಗಲಾಚಿದ.

"ಸಾಹೇಬ್ರು ಆಗಲೇ ಬಂದು ಕುಂತಾರ. ವೈರಸ್ಸೇ ಇಲ್ಲಂದ್ರ ನಾಟಕ ಹೆಂಗ ಅಕ್ಕೈತಿ? ನಡಿ, ಬಣ್ಣ ಹಚ್ಚಿಕೊ!"

ಯಮನೂರಪ್ಪ ಆಡಿದ. 'ಜ್ವರ ಬಂದವರು ಮನೆಯಲ್ಲೇ ಇರಿ' ಎಂದು ಉಳಿದವರು ಹಾಡುತ್ತಿದ್ದಾಗ ನಡುವೆ ನಿಂತು ಕೆಮ್ಮಿದ, ತೂರಾಡಿದ, ಕೊನೆಗೆ ಕುಸಿದು ಕುಳಿತ. ಒತ್ತೊತ್ತಾಗಿ ನಿಂತಿದ್ದ ಜನ ಸಿಳ್ಳೆ ಹಾಕಿದರು.

ಆರೋಗ್ಯಾಧಿಕಾರಿಗಳು ಶಾಲು ಹಿಡಿದು ಅವನತ್ತ ಧಾವಿಸಿದರು. ಅವನು ಕೈ ಅಡ್ಡ ಹಿಡಿದು ಹಿಂದೆ ಸರಿದ.

"ಹತ್ರ ಬರಬ್ಯಾಡ್ರಿ ಸಾಹೇಬ್ರ! ಇದು ನಾಟಕ ಅಲ್ರಿ. ನನಗ ಖರೇನ ರೋಗ ಬಂದೈತ್ರಿ."

ಸಾಹೇಬರು ಮಾತಿಗೆ ಅಡ್ಡಿಯಾಗದಿರಲೆಂದು ಮಾಸ್ಕನ್ನು ಗದ್ದಕ್ಕೆ ಇಳಿಸಿ, ಮೈಕ್ ಕೈಗೆತ್ತಿಕೊಂಡರು.

"ಕಲಾವಿದ ಅಂದ್ರೆ ಹೀಗಿರಬೇಕು ನೋಡಿ! ನಾಟಕ ಮುಗಿದರೂ ಇವರಿನ್ನೂ ಪಾತ್ರದಿಂದ ಹೊರಗೇ ಬಂದಿಲ್ಲ," ಎಂದು ಹೇಳಿ ಅವನನ್ನು ಬರಸೆಳೆದು ಅಪ್ಪಿಕೊಂಡರು.